ಒಂದೇ ವಾಯರಿನ ದೋಣಿ

ದಸ್ತಗೀರಣ್ಣ, ಕಪ್ತಾನ ಕಾಕಾನ ದೋಣಿಗೆ ನೀರು ಹೊಕ್ಕದ್ದು ನಿಮ್ಮ ಕೈಕೆಲಸದ ತಪ್ಪಿನಿಂದಲ್ಲ. ನನ್ನ ವಾಯರಿಂಗಿನಿಂದ. ಅದು ನನಗೆ ಆ ದಿನವೇ ಗೊತ್ತಾಗಿತ್ತು — ಗೊತ್ತಿದ್ದೂ ನಿಮ್ಮ ಮೇಲೆ ಹಾಕಿದೆ. ಆರು ವರ್ಷವಾಯಿತು.

ನೆನಪಿದೆಯಲ್ಲ, ನಮ್ಮನ್ನು ಊರವರು ಎಷ್ಟು ಕಾಡಿದರು. ಕೊಡ ಮುಳುಗಿಸಲು ನೀರು ಹುಡುಕುವ ಸೀಮೆಯಲ್ಲಿ ಹಾಯಿದೋಣಿ ಕಟ್ಟುತ್ತಾರಂತೆ ಎಂದು. ಜೀವಮಾನವೆಲ್ಲ ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿದು ಬಬಲೇಶ್ವರಕ್ಕೆ ಮರಳಿ, ಊರವರ ಬಾಯಲ್ಲಿ ಕಪ್ತಾನನಾದ ಕಾಕಾಗೆ, ಮೊಮ್ಮಗಳನ್ನು ಕೃಷ್ಣೆಯ ಹಿನ್ನೀರಿನಲ್ಲಿ ಗಾಳಿಯ ಬಲದಿಂದಲೇ ತೇಲಿಸಬೇಕೆಂಬ ಹುಚ್ಚು. ಅರಕೇರಿಯಿಂದ ನಿಮ್ಮನ್ನು ಕರೆಸಿದರು. ಮೊಳೆಯಿಲ್ಲದೆ ಬಾಗಿಲು ಕೂಡಿಸುವ ಬಡಿಗ ಎಂದು ನಿಮ್ಮ ಹೆಸರಿತ್ತು. ಟಿಕೋಟಾದಿಂದ ನನ್ನನ್ನು ಕರೆಸಿದರು. ನಾನು ಟ್ರ್ಯಾಕ್ಟರಿನ ವಾಯರಿಂಗ್ ಮಾಡುವವನು.

ಕಾಕಾ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಕ್ಷೆ ಬರೆದಿದ್ದರು. ಮುಂದೆ ಕೆಂಪು, ಹಸಿರು ದೀಪ, ಹಿಂದೆ ಬಿಳಿಯದು, ಒಳಗೆ ತುಂಬಿದ ನೀರು ಹೊರಹಾಕಲು ಸಣ್ಣ ಪಂಪು. ಯಾವುದು ಎಷ್ಟು ತಾಸು ಉರಿಯಬೇಕು ಎಂದು ಕೂಡಿಸಿ, ಅದರ ಇಮ್ಮಡಿ ಬಲದ ಬ್ಯಾಟರಿ ಹೇಳಿದರು. "ಅರ್ಧ ತೀರಿತಂದ್ರ ಪೂರಾ ತೀರಿತಂತನ ತಿಳೀಬೇಕು." ಬ್ಯಾಟರಿಯಿಂದ ಗೇಣಿನೊಳಗೆ ಫ್ಯೂಸು. ಆಮೇಲೆ ನನ್ನ ಮುಖ ನೋಡಿ ಹೇಳಿದರು:

"ಇದು ಟ್ರ್ಯಾಕ್ಟರ್ ಅಲ್ಲಪಾ. ಪ್ರತಿ ದೀಪಕ್ಕ ಕರೆಂಟ್ ಹೋಗಾಕ ಒಂದು ವಾಯರ್, ಬರಾಕ ಒಂದು ವಾಯರ್. ನೀರಾಗಿರೋ ಕಬ್ಬಿಣದ ತಂಟೇಕ ಹೋಗಬ್ಯಾಡ."

ಟ್ರ್ಯಾಕ್ಟರಿನಲ್ಲಿ ದೀಪಕ್ಕೆ ಒಂದೇ ವಾಯರು ಸಾಕು. ಮರಳುವ ದಾರಿ ಅದರ ಕಬ್ಬಿಣದ ಮೈಯೇ. ಹತ್ತೊಂಬತ್ತು ವರ್ಷ ಹಾಗೇ ಮಾಡಿದ್ದೆ. ಈಗ ಒಬ್ಬ ಮುದುಕ, ನಿಮ್ಮೆದುರಿಗೆ, ನನಗೆ ಎಳೆಎಳೆಯಾಗಿ ಪಾಠ ಹೇಳಿದ್ದು — ಚುಚ್ಚಿತು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ದೋಣಿ ಮಗುಚದಿರಲೆಂದು ತಳಕ್ಕೆ ಭಾರದ ಕಬ್ಬಿಣದ ಪಟ್ಟಿ ಬಿಗಿದಿದ್ದಿರಲ್ಲ, ಅದರ ಬೋಲ್ಟುಗಳು ಒಳಗೆ ತಲೆ ಹಾಕಿದ್ದವು. ಅವುಗಳಿಗೆ ತಾಮ್ರದ ಪಟ್ಟಿ ಬಿಗಿದು, ಎಲ್ಲ ದೀಪಗಳ, ಪಂಪಿನ ಮರಳುವ ದಾರಿಯನ್ನು ಅಲ್ಲಿಗೇ ಜೋಡಿಸಿದೆ. ಮೇಲೆ ನೀವು ಕೊಯ್ದ ಹಲಗೆ ಮುಚ್ಚಿದೆ. ಕಾಕಾ ಬಂದು ಸ್ವಿಚ್ಚು ಹಾಕಿದರು. ಎಲ್ಲ ದೀಪ ಉರಿದವು. ಹಲಗೆ ಎತ್ತಿ ನೋಡಲಿಲ್ಲ. ನನ್ನನ್ನು ನಂಬಿದ್ದರು.

ಎರಡನೆಯ ವರ್ಷ, ಹಿನ್ನೀರಿನ ನಡುವೆ, ಕಾಕಾನ ಹತ್ತು ವರ್ಷದ ಮೊಮ್ಮಗಳ ಮೊಣಕಾಲಿಗೆ ನೀರು ಬಂತು. ಪಂಪೂ ನಡೆಯಲಿಲ್ಲ. ಮೀನುಗಾರರು ಕಂಡು ಎಳೆದು ತಂದರು. ಹುಡುಗಿ ಬದುಕಿದಳು. ಹಾಗಂದುಕೊಂಡೇ ನಾನು ಇಷ್ಟು ವರ್ಷ...

ದೋಣಿ ಕಾಕಾನ ಅಂಗಳಕ್ಕೆ ಬಂದಾಗ ನಿಮಗಿಂತ ಮೊದಲು ಮುಟ್ಟಿದವನು ನಾನು. ಬ್ಯಾಟರಿ ಬಿಚ್ಚುತ್ತೇನೆಂದು ಹೇಳಿ ಹಲಗೆ ಎತ್ತಿದೆ. ತಾಮ್ರ ಹಸಿರುಗಟ್ಟಿತ್ತು. ಅದಕ್ಕೆ ತಾಗಿದ ಎರಡು ಬೋಲ್ಟುಗಳು ಬೇವಿನ ಕಡ್ಡಿಯಷ್ಟು ತೆಳ್ಳಗೆ ಸವೆದಿದ್ದವು. ಕರೆಂಟೂ ತಾಮ್ರವೂ ಸೇರಿ ಒದ್ದೆ ಕಬ್ಬಿಣವನ್ನು ತಿಂದುಹಾಕಿದ್ದವು. ನೀರು ಅಲ್ಲಿಂದಲೇ ಬಂದಿತ್ತು. ಪಂಪು ನಿಂತದ್ದೂ ಅದರಿಂದಲೇ. ಚೀಲದಲ್ಲಿದ್ದ ಹೊಸ ಬೋಲ್ಟು ಹಾಕಿ ಬಿಗಿದೆ, ತಾಮ್ರದ ಪಟ್ಟಿ ಕಿತ್ತೆ, ಹಳೆಯವನ್ನು ಜೇಬಿಗಿಳಿಸಿದೆ. ಹೊರಗೆ ಬಂದಾಗ ಕಾಕಾ ಕೇಳಿದ್ದು ಒಂದೇ ಮಾತು:

"ವಾಯರಿಂದೋ, ಕಟಗೀದೋ?"

"ವಾಯರ್ ಬರೋಬ್ಬರಿ ಅದಾವ್ರಿ ಕಾಕಾ. ಕಟಗಿ ಜೋಡಣಿ ಸಡಲ ಆಗಿರಬೇಕು."

ಅಷ್ಟೇ ಅಂದದ್ದು. ಅಷ್ಟು ಸಾಕಾಯಿತು.

ನೀವು ಹನ್ನೊಂದು ದಿನ ಆ ಅಂಗಳದಲ್ಲಿ ಕುಳಿತಿರಿ. ದೋಣಿಯೊಳಗೆ ನೀರು ತುಂಬಿ, ಹೊರಗೆ ಮಂಡಿಯೂರಿ ಒಂದೊಂದು ಸಂದಿಗೂ ಬೆರಳು ಹಚ್ಚಿ ನೋಡಿದಿರಿ. ಒಂದು ಹನಿಯೂ ಬರಲಿಲ್ಲ. ಬರುವುದಾದರೂ ಹೇಗೆ — ಸೋರುವ ಜಾಗವನ್ನು ನಾನೇ ಮುಚ್ಚಿದ್ದೆನಲ್ಲ. ತಪ್ಪು ಸಿಕ್ಕಿದ್ದರೆ ನೀವು ತಿದ್ದುತ್ತಿದ್ದಿರಿ. ಸಿಗದ ತಪ್ಪನ್ನು ಹೇಗೆ ತಿದ್ದುವುದು? ಕೊನೆಗೆ ಕಾಕಾ ಮೆಲ್ಲಗೆ ಹೇಳಿದರಂತೆ, "ತೂತು ಎಲ್ಲೈತಿ ಅಂತ ಗೊತ್ತಿಲ್ಲದ ದೋಣ್ಯಾಗ ಕೂಸಿನ್ನ ಕೂಡಸಾಕ ನನಗ ಧೈರ್ಯ ಇಲ್ಲ ದಸ್ತಗೀರ." ದೋಣಿ ಅಲ್ಲೇ ಬೋರಲು ಬಿತ್ತು.

ಅದಾದ ವಾರಕ್ಕೆ ನೀವು ಟಿಕೋಟಾಕ್ಕೆ, ನನ್ನ ಅಂಗಡಿಗೆ ಬಂದಿರಿ. ಗೊತ್ತಾಗಿಬಿಟ್ಟಿದೆ ಎಂದುಕೊಂಡೆ. ನೀವು ಟೋಪಿ ತೆಗೆದು ಕೈಯಲ್ಲಿ ಹಿಡಿದು ಹೇಳಿದಿರಿ:

"ನಿಂದು ಕೆಲಸ ಚಲೋ ಇತ್ತು ತಮ್ಮಾ. ನನ್ನಿಂದ ಅದೂ ನೀರಾಗ ಹೋತು. ಮಾಫ್ ಮಾಡು. ನನ್ನ ಕೈಯಾಗಿನ ಕಸುಬು ಹೋಗೇತಿ."

ನಾನು ಚಹಾ ತರಿಸಿದೆ. ದಸ್ತಗೀರಣ್ಣ, ನೀವು ಮಾಫಿ ಕೇಳಿದಿರಿ, ನಾನು ಚಹಾ ತರಿಸಿದೆ — ಇದಕ್ಕಿಂತ ನಾಚಿಕೆಗೇಡು ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ಹೋದ ವಾರ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ನಿಮ್ಮನ್ನು ಕಂಡೆ. ಸ್ಲ್ಯಾಬಿಗೆಂದು ಸೆಂಟ್ರಿಂಗ್ ಹಲಗೆಗೆ ಮೊಳೆ ಹೊಡೆಯುತ್ತಿದ್ದಿರಿ. ಉಳಿಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟಿರಂತೆ. ನನ್ನನ್ನು ಕಂಡು ನಕ್ಕು, ನೆರಳಿನಲ್ಲಿ ಜಾಗ ಮಾಡಿದಿರಿ. ಹೇಳಬೇಕೆಂದು ಬಾಯಿ ತೆರೆದೆ; ಬಿಸಿಲಿನ ಮಾತಾಡಿ ಎದ್ದು ಬಂದೆ.

ಇಂದು ಮುಂಜಾನೆ ಬಬಲೇಶ್ವರಕ್ಕೆ ಹೋಗಿ ಕಾಕಾನ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ದಸ್ತಗೀರಗ ಹೇಳಿಯೇನು?" ಎಂದರು. ಇಲ್ಲ ಎಂದೆ. "ಮತ್ತ ನನ್ನ ಕಡೆ ಯಾಕ ಮೊದಲ ಬಂದಿ?" ಎಂದು ಒಳಗೆ ಹೋಗಿಬಿಟ್ಟರು.

ಅದಕ್ಕೇ ಇದನ್ನು ಬರೆದೆ, ನಡುವೆ ಬಾಯಿ ಕಟ್ಟಿದರೆ ಓದಿಯಾದರೂ ಹೇಳಲೆಂದು. ಸಂಜೆ ಅರಕೇರಿಗೆ ಬರುತ್ತೇನೆ. ಆ ಎರಡು ಬೋಲ್ಟು ಇಷ್ಟು ವರ್ಷ ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿದ್ದವು, ಅವನ್ನೂ ತರುತ್ತೇನೆ. ನೀವು ಮಾಫಿ ಕೊಡಬೇಕೆಂದು ಕೇಳುವುದಿಲ್ಲ. ಅವನ್ನು ಕೈಯಲ್ಲಿ ಹಿಡಿದು ನೋಡಿ, ಸಾಕು. ನಿಮ್ಮ ಜೋಡಣೆ ಒಂದು ಹನಿಯನ್ನೂ ಒಳಗೆ ಬಿಟ್ಟಿರಲಿಲ್ಲ.