ಇರ್ಮಾ ಅಡ್ಡ ಹಿಡಿದ ಕೈ

ಹಿಮ ಬಿದ್ದು ದಾರಿ ಗಟ್ಟಿಯಾಯಿತೆಂದರೆ ನಮ್ಮೂರ ಸರೋವರದ ದಂಡೆಗೆ ಇರ್ಮಾ ಲಾಹ್ತೆಲಾ ಬಂದು, ಚೀಟಿ ತಪಾಸಣೆಗೆ ಕೈ ಅಡ್ಡ ಹಿಡಿದು ನಿಂತಳೆಂದೇ ಅರ್ಥ. ಹಿಮದ ಮೇಲೆ ಓಡುವ ಮೋಟಾರು ಬಂಡಿಗಳ, ಅಂದರೆ ಹಿಮಬಂಡಿಗಳ, ಸವಾರರ ಸಂಘ ಅವಳಿಗೆ ಕೊಟ್ಟದ್ದು ಒಂದು ಕಿತ್ತಳೆ ಬಣ್ಣದ ಅಂಗಿ ಮಾತ್ರ, ಗತ್ತೆಲ್ಲ ಅವಳದೇ. ಬಂಡಿಯ ಮುಂಗಾಜಿನ ಮೇಲೆ ಸಂಘದ ಈ ವರ್ಷದ ಪರವಾನಗಿ ಚೀಟಿ, ಬಂಡಿಯ ಎರಡೂ ಪಕ್ಕದಲ್ಲಿ ನೋಂದಣಿ ಸಂಖ್ಯೆ ಕಾಣಲೇಬೇಕು. "ಹಿಮ ಮುಚ್ಚಿಬಿಟ್ಟಿದೆ" ಎಂದು ಸವಾರ ಹೇಳಿದರೆ, "ಒರೆಸಪ್ಪ, ನಾನೇನೂ ಅವಸರದಲ್ಲಿಲ್ಲ" ಎನ್ನುತ್ತಾಳೆ. ಬಂಡಿಯೇರಿ ಮದುವೆ ಮಾಡಿಸಲು ಹೊರಟ ಪಾದ್ರಿಯನ್ನೂ ಅವಳು ಬಿಟ್ಟವಳಲ್ಲ. "ದೇವರ ಕೆಲಸ ಕಣಮ್ಮ" ಎಂದು ಅವರು ಗೋಗರೆದರೆ, "ದಾರಿ ಸಮ ಮಾಡೋಕೆ ದೇವರು ಬರ್ತಾನಾ? ಚೀಟಿ ದುಡ್ಡಲ್ಲಿ ನಮ್ಮ ಸಂಘದೋರೇ ಮಾಡ್ಬೇಕು. ಹೋಗಿ ಚೀಟಿ ತಗೊಂಡ್ ಬನ್ನಿ" ಎಂದು ವಾಪಸು ಕಳಿಸಿದಳು. ಮದುಮಗಳು ಚರ್ಚಿನಲ್ಲಿ ಆಕಳಿಸುತ್ತ ಕೂತಿದ್ದಳಂತೆ. ಸ್ವಂತ ಗಂಡ ರೇನೋ, ಚೀಟಿ ಇದ್ದರೂ, ಹೆದರಿ ಪೈನ್ ಕಾಡು ಸುತ್ತಿಕೊಂಡು ಹೋಗುತ್ತಾನೆ. ಕಳೆದ ಜನವರಿಯ ಒಂದು ಮಧ್ಯಾಹ್ನ ಹಿಮಗಾಳಿ ಎದ್ದು, ಸರೋವರದಲ್ಲಿ ಮಂಜುಗಡ್ಡೆ ಕೊರೆದು ಮೀನು ಹಿಡಿಯುತ್ತಿದ್ದವರೆಲ್ಲ ಓಡಿ ಬಂದರು. "ಬೆಳಿಗ್ಗೆ ಚೀಟಿ ನೋಡಿ ಬಿಟ್ಟಿದ್ನಲ್ಲ, ಆ ಹಳದಿ ಬಂಡಿ ಹುಡುಗಿ ಬರ್ಲೇ ಇಲ್ವಲ್ರೋ!" ಎಂದವಳು ಇರ್ಮಾ ಒಬ್ಬಳೇ. ಯಾರು ತಡೆದರೂ ಕೇಳದೆ ಬಂಡಿಯೇರಿ ಸರೋವರಕ್ಕಿಳಿದಳು. ಕೆಟ್ಟುನಿಂತ ಬಂಡಿಯ ಮರೆಯಲ್ಲಿ ಮುದುಡಿದ್ದ ಹುಡುಗಿಯನ್ನು ಹಿಂದೆ ಕೂರಿಸಿಕೊಂಡು ಬಂದಳು. ಒಲೆಯ ಮುಂದೆ ಹುಡುಗಿ ಬೆಚ್ಚಗಾಗಿ ನಗತೊಡಗಿದಳು. ಎಲ್ಲರಿಗೂ ಅಡ್ಡ ಹಿಡಿಯುವ ಇರ್ಮಾಳ ಕೈ ಮಾತ್ರ ಚಳಿಗೆ ಸೆಟೆದು ಮಡಚಲೂ ಬರಲಿಲ್ಲ. ಕಾಫಿ ಲೋಟವನ್ನು ರೇನೋನೇ ಹಿಡಿದು ಕುಡಿಸಬೇಕಾಯಿತು.