ನಡುವೆ ಬಿಟ್ಟ ಜಾಗ

ನಮ್ಮಕ್ಕ ಮೂವತ್ತೊಂದು ವರ್ಷ ಒಂದೇ ಫೋಟೋ ಸ್ಟುಡಿಯೋದ ಪರದೆಗಳ ಮೇಲೆ ಬೆಟ್ಟ, ಕೆರೆ, ಮರ ಬರೆದಳು. ಜನ ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಡುಭಾಗಕ್ಕೆ ಮಾತ್ರ ಬರೀ ಬೂದು ಬಣ್ಣ ಬಳಿಯಬೇಕೆಂದು ಮಾಲೀಕರ ಕಟ್ಟಪ್ಪಣೆ.

"ಜನ ನಿಲ್ಲೋ ಕಡೆ ಚಿತ್ರ ಯಾಕಮ್ಮ? ಅವರ ಬೆನ್ನಿಗೇನು ಕಣ್ಣಿದೆಯಾ?" ಎಂದು ನಗುತ್ತಿದ್ದರು.

"ಸಾಯೋದ್ರೊಳಗೆ ಒಂದು ಪೂರ್ತಿ ಚಿತ್ರ ಬರೀತೀನಿ, ನೋಡ್ತಿರು," ಎಂದು ಅಕ್ಕ ನನಗೆ ಹೇಳುತ್ತಲೇ ಇದ್ದಳು.

ಸ್ಟುಡಿಯೋ ಮುಚ್ಚಿದಾಗ ಮಾಲೀಕರು ಅವಳಿಗೊಂದು ಪರದೆ ಕೊಟ್ಟರು. ಅದನ್ನು ಮನೆಯ ಗೋಡೆಗೆ ಮೊಳೆ ಹೊಡೆದು ಬಿಗಿದು, ನಡುಭಾಗ ತುಂಬಲು ಕುಂಚ ಹಿಡಿದು ಕೂತಳು. ಎಡಕ್ಕೆ ಕೆರೆಯ ಒಂದು ದಡ, ಬಲಕ್ಕೆ ಇನ್ನೊಂದು. ನಾಲ್ಕು ದಿನವಾದರೂ ಕುಂಚ ಒದ್ದೆಯಾಗಲಿಲ್ಲ.

"ನೀರು ಬರಿಯಕ್ಕ, ಅದೇನು ಬ್ರಹ್ಮವಿದ್ಯೆನಾ?" ಎಂದೆ.

"ಅಲ್ಲಿ ನೀರೇ ಕಾಣಲ್ಲ ಕಣೇ. ಯಾರೋ ಗಂಡ ಹೆಂಡ್ತಿ ನಿಂತಿರೋ ಹಾಗೇ ಕಾಣತ್ತೆ."

ಐದನೆಯ ದಿನ ಕುಂಚಗಳನ್ನು ಒರೆಸಿ ನನ್ನ ಕೈಗೆ ಕೊಟ್ಟಳು. ಮತ್ತೆ ಅವನ್ನು ಕೇಳಲೇ ಇಲ್ಲ.

ಅವಳು ಹೋಗಿ ಆರು ವರ್ಷವಾಯಿತು. ಪರದೆ ಗೋಡೆಯಲ್ಲೇ ಇದೆ. ಮನೆಗೆ ಬಂದವರು ಫೋನಿನಲ್ಲಿ ಫೋಟೋ ತೆಗೆಸಿಕೊಳ್ಳಲು ಅದರ ಮುಂದೆ ಹೋಗುತ್ತಾರೆ. ಯಾರೂ ಹೇಳಿಕೊಡಬೇಕಿಲ್ಲ, ಸರಿಯಾಗಿ ನಡುವೆಯೇ ನಿಲ್ಲುತ್ತಾರೆ.