ಕೇಸು ಹಾಕಿದವರು

ನಿನ್ನೆ ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ದೋಸೆಗೆ ನೆನೆಹಾಕಿದೆ. ಹುಣಸೆಹಣ್ಣಿನ ಬೀಜ ಬಿಡಿಸಿದೆ. ಗ್ಯಾಸಿನವನಿಗಾಗಿ ಕಾದೆ, ಅವನು ಬರಲಿಲ್ಲ. ಮಧ್ಯಾಹ್ನ ಮಗಳ ಕರಿ ಕೋಟಿನ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದೆ. ಮರುದಿನ ಮೈಸೂರಿನಲ್ಲಿ ಅವಳಿಗೆ ಎಂಬಿಎ ಸೀಟಿನ ಸಂದರ್ಶನ. ಬಿಸಿ ಕೋಟಿನಿಂದ ಮಳೆಯಲ್ಲಿ ನೆಂದ ಕುರಿಯ ವಾಸನೆ ಬಂತು ನೋಡಿ, ನಮ್ಮಣ್ಣನ ಮಗಳು ಶೋಭ ನೆನಪಾದಳು.

ಅದು ತೊಂಬತ್ತರ ದಶಕದ ಕೊನೆ. ಅಣ್ಣನಿಗೆ ತಿ. ನರಸೀಪುರದಲ್ಲಿ ಗೊಬ್ಬರದಂಗಡಿ. ಮಗಳು ಮೈಸೂರಿನಲ್ಲಿ ಎಂಬಿಎಗೆ ಸೇರಿದ್ದೇ ತಡ, ಅವನು ಯೂರಿಯಾದ ಜೊತೆಗೆ ಅವಳ ಭವಿಷ್ಯವನ್ನೂ ಮಾರತೊಡಗಿದ: ದೊಡ್ಡ ಕಂಪನಿ, ಕಾರು, ಡ್ರೈವರು. ತಲಕಾಡಿನ ಕಡೆಯ ರೈತರು ಎರಡನ್ನೂ ಹೊತ್ತುಕೊಂಡು ಹೋಗುತ್ತಿದ್ದರು. ನಾನೂ ಕಮ್ಮಿಯಿಲ್ಲ, ನಂಜನಗೂಡಿನ ನಮ್ಮ ಬೀದಿಗೆ ಆ ಕಾರಿನ ಬಣ್ಣವನ್ನೂ ಹೇಳಿದ್ದೆ.

ನಮ್ಮತ್ತೆಯವರ ಲೆಕ್ಕವೇ ಬೇರೆ. ರಜಕ್ಕೆ ಬಂದಾಗ ಶೋಭ, ಕಾಲೇಜಿನಲ್ಲಿ ದಿನಾ ಕೇಸ್ ಸ್ಟಡಿ ಮಾಡಿಸುತ್ತಾರೆ ಎಂದಿದ್ದಳು. ಕರಿ ಕೋಟು ಬೇರೆ ಹೊಲಿಸಿದ್ದಳು. ಹುಡುಗಿ ಲಾಯ್ರಾಗುತ್ತಿದ್ದಾಳೆ ಎಂದು ಅತ್ತೆಯವರು ತೀರ್ಮಾನಿಸಿದರು. ಹದಿನಾರು ಗ್ರಾಮದಿಂದ ಅವರ ತಮ್ಮ ಹೊಲದ ಬದುವಿನ ತಕರಾರು ಹಿಡಿದುಕೊಂಡು ಬಂದು, ಲಾಯ್ರಮ್ಮ ಯಾವಾಗ ಸಿಗುತ್ತಾರೆ ಎಂದು ವಿಚಾರಿಸಿ ಹೋದರು. ನಾವು ತಿದ್ದಲಿಲ್ಲವೆಂದಲ್ಲ. ತಿದ್ದಿದೆವು. ಅತ್ತೆಯವರು ಹೂಂ ಅಂದು, ಮತ್ತೆ ಲಾಯ್ರು ಅಂದರು.

ಕೊನೆಯ ವರ್ಷ ಕಂಪನಿಯವರು ಕಾಲೇಜಿಗೇ ಬಂದು ಹುಡುಗರನ್ನು ಆರಿಸಿಕೊಂಡರು. ಶೋಭಳ ಗೆಳತಿಯರೆಲ್ಲ ಆಯ್ಕೆಯಾದರು, ಅವಳಾಗಲಿಲ್ಲ. ನರಸೀಪುರದ ಬಸ್ಸು ಹತ್ತಬೇಕಾದವಳು ನಂಜನಗೂಡಿನ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಕೋಟು ಕೂಡ ಬಿಚ್ಚದೆ ನಡುಮನೆಯ ಗೋಡೆಗೊರಗಿ ಕೂತು ಅತ್ತಳು. ಅಪ್ಪನಿಗೆ ಹೇಗೆ ಮುಖ ತೋರಿಸಲಿ, ಇನ್ನು ಊರಿಗೇ ಹೋಗುವುದಿಲ್ಲ ಎಂದಳು. ನಾನು ಸಮಾಧಾನಕ್ಕೆಂದು ಕಾಫಿ ಮಾಡಿ, ಸಕ್ಕರೆ ಹಾಕುವುದನ್ನು ಮರೆತೆ.

ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯವರು ತಲೆಯೆತ್ತದೆ ಕೇಳಿದರು: "ಯಾಕವ್ವ, ಕೇಸು ಏನಾಯ್ತು?"

"ಸೋತೋಯ್ತು ಅಜ್ಜಿ." ತಿದ್ದುವ ಶಕ್ತಿ ಅವಳಿಗಿರಲಿಲ್ಲ.

"ಸೋತ್ರೆ ಕೇಸು ಆಕ್ದೋನು ಅಳ್ಬೇಕು. ಲಾಯ್ರೇ ಅತ್ಬುಟ್ರೆ ನಾಳಿಕ್ಕೆ ಇನ್ನೊಂದ್ ಕೇಸು ನಡ್ಸೋರ್ಯಾರು? ಮೊಕ ತೊಳ್ಕೊ ಓಗು."

ಶೋಭ ಅಳು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಅತ್ತೆ, ಕೇಸು ಹಾಕಿದ್ದು ಅಪ್ಪ ಅಲ್ವಾ?"

ಅಪ್ಪನೊಬ್ಬನೇ ಅಲ್ಲ ಎನ್ನಬೇಕಿತ್ತು. ಕಾರಿನ ಬಣ್ಣ ನೆನಪಾಗಿ, ಸಕ್ಕರೆ ಡಬ್ಬಿ ತರಲು ಒಳಗೆ ಹೋದೆ.

ಮುಖ ತೊಳೆದು ಬಂದು ಅವಳೇ ಅಂಗಡಿಗೆ ಫೋನು ಮಾಡಿದಳು. ಆಗಲಿಲ್ಲ ಅಪ್ಪ, ಎಂದಷ್ಟೇ ಹೇಳಿ, ರಿಸೀವರನ್ನು ನನಗೂ ಕೇಳುವಂತೆ ಹಿಡಿದಳು. ಅಣ್ಣನ ಹಿಂದೆ ಯಾರೋ ಪೊಟ್ಯಾಷಿನ ಬೆಲೆ ಕೇಳುತ್ತಿದ್ದರು. ಕಡೆಗೆ, "ಊರ್ಗೆಲ್ಲ ಹೇಳ್ದೋನು ನಾನು. ಅದ್ನ ನಾನ್ ನೋಡ್ಕತೀನಿ. ನೀನ್ ಬಾ ಕಣವ್ವ," ಅಂದ.

ಶೋಭ ಮುಂದೆ ಒಂದು ಕೆಲಸ ಹಿಡಿದಳು, ಬಿಟ್ಟಳು, ಇನ್ನೊಂದು ಹಿಡಿದಳು. ಈಗ ಸ್ಕೂಟರಿದೆ. ಅತ್ತೆಯವರು ಇರುವವರೆಗೂ ಅವಳನ್ನು ಲಾಯ್ರಮ್ಮ ಎಂದೇ ಕರೆದರು.

ನಿನ್ನೆ ಸಂಜೆ ಎದುರುಮನೆಯವರು, ಮಗಳು ಎಂಬಿಎ ಮುಗಿಸಿ ಏನಾಗುತ್ತಾಳೆ ಎಂದು ಕೇಳಿದರು. ನಾಳೆ ಮೈಸೂರಿಗೆ ಹೋಗಿಬರುತ್ತಾಳೆ ಎಂದೆ. ರಾತ್ರಿ ಮುದ್ದೆ, ಬಸ್ಸಾರು. ಮಕ್ಕಳ ಪರೀಕ್ಷೆಯ ಹಿಂದಿನ ದಿನ ಕಣ್ಣು ಮುಚ್ಚದವಳು ನಾನು. ಮಗಳು ಇನ್ನೂ ದೀಪದಡಿ ಏನೋ ಓದುತ್ತಿದ್ದಳು. ಮೊದಲು ನಿದ್ದೆ ಹೋದವಳು ನಾನೇ.